ಕಪ್ಪು ಚುಕ್ಕಿಗಳನ್ನು ಎಣಿಸಿದ ಮಹಿಳೆಯರು

ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಸದ್ದಿಲ್ಲ. ಹಾಗಾಗಿ ಅದರ ಚರಿತ್ರೆಯೆಂದರೆ ಅದನ್ನು ಪತ್ತೆ ಮಾಡಿ ಅಳೆಯುವ ಸಾಧನಗಳ ಚರಿತ್ರೆಯೂ ಹೌದು. ಗೈಗರ್ ಕೌಂಟರಿನ ಹೆಸರನ್ನು ನಾವು ಶಾಲೆಯಲ್ಲೇ ಕೇಳಿರುತ್ತೇವೆ. ಅದಕ್ಕಿಂತ ಹಳೆಯದು, ಅಗ್ಗವಾದದ್ದು ಫೋಟೋ ಪ್ಲೇಟು. ಅದನ್ನು ನಿಖರ ಅಳತೆಯ ಸಾಧನವಾಗಿ ಬೆಳೆಸಿದವರಲ್ಲಿ ಇಬ್ಬರು ಮಹಿಳೆಯರಿದ್ದಾರೆ. ಒಬ್ಬರು ವಿಯೆನ್ನಾದವರು, ಇನ್ನೊಬ್ಬರು ಕಲ್ಕತ್ತಾದವರು. ಇಬ್ಬರ ಹೆಸರೂ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣಸಿಗುವುದು ಅಪರೂಪ.

ಕಥೆಯ ಆರಂಭ 1896ರ ಪ್ಯಾರಿಸ್ಸಿನಲ್ಲಿ. ಹೆನ್ರಿ ಬೆಕರಲ್ ಎಂಬ ವಿಜ್ಞಾನಿ ಯುರೇನಿಯಂ ಲವಣವನ್ನು ಬಿಸಿಲಿಗಿಟ್ಟು ಪ್ರಯೋಗ ಮಾಡುತ್ತಿದ್ದರು. ಮೋಡ ಕವಿದಿದ್ದರಿಂದ ಲವಣವನ್ನೂ ಕಪ್ಪು ಕಾಗದ ಸುತ್ತಿದ ಪ್ಲೇಟನ್ನೂ ಜೊತೆಯಾಗಿ ಮೇಜಿನ ಖಾನೆಯಲ್ಲಿಟ್ಟರು. ಕೆಲವು ದಿನಗಳ ಬಳಿಕ ಪ್ಲೇಟನ್ನು ತೊಳೆದು ನೋಡಿದಾಗ, ಬಿಸಿಲೇ ಬೀಳದಿದ್ದರೂ ಅದರ ಮೇಲೆ ಕಪ್ಪು ಗುರುತು ಮೂಡಿತ್ತು. ವಿಕಿರಣಶೀಲತೆ ಪತ್ತೆಯಾದದ್ದು ಹೀಗೆ.

ಆದರೆ ಪ್ಲೇಟು ಕಪ್ಪಾದರೆ ವಿಕಿರಣ ಇದೆ ಎಂದಷ್ಟೇ ತಿಳಿಯುತ್ತದೆ. ಬಂದ ಕಣ ಯಾವುದು, ಅದರ ಶಕ್ತಿ ಎಷ್ಟು ಎಂದು ತಿಳಿಯುವುದಿಲ್ಲ. ಇದಕ್ಕೆ ದಾರಿ ತೋರಿಸಿದವರು ಮಾರಿಯೆಟ್ಟಾ ಬ್ಲೌ. 1894ರಲ್ಲಿ ಹುಟ್ಟಿದ ಈಕೆ ವಿಯೆನ್ನಾದ ರೇಡಿಯಂ ಸಂಸ್ಥೆಯಲ್ಲಿ ಹೆಚ್ಚು ಕಾಲ ಸಂಬಳವೇ ಇಲ್ಲದೆ ಸಂಶೋಧನೆ ಮಾಡಿದರು. ಪ್ಲೇಟಿನ ಮೇಲಿನ ಲೇಪನದಲ್ಲಿ ಬೆಳ್ಳಿಯ ಬ್ರೋಮೈಡಿನ ಸೂಕ್ಷ್ಮ ಹರಳುಗಳಿರುತ್ತವೆ. ವಿದ್ಯುದಾವೇಶವುಳ್ಳ ಕಣವೊಂದು ಅದರೊಳಗೆ ಹಾದುಹೋದರೆ, ದಾರಿಯಲ್ಲಿ ಸಿಕ್ಕ ಹರಳುಗಳು ಪ್ಲೇಟು ತೊಳೆದಾಗ ಕಪ್ಪಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಂಗೋಲಿಯ ಚುಕ್ಕಿಗಳಂತೆ ಒಂದು ಸಾಲು ಕಾಣುತ್ತದೆ. ಸಾಲಿನ ಉದ್ದ, ಚುಕ್ಕಿಗಳ ಒತ್ತು, ಸಾಲು ಎಷ್ಟು ಬಳುಕಿದೆ ಎಂಬುದನ್ನು ಲೆಕ್ಕ ಹಾಕಿದರೆ ಕಣದ ಗುರುತು ಹತ್ತುತ್ತದೆ. ಆಲ್ಫಾ ಕಣಗಳ ಸಾಲು ಮೊದಲೇ ತಿಳಿದಿತ್ತು. 1925ರಲ್ಲಿ ಬ್ಲೌ ಪ್ರೋಟಾನುಗಳ ಸಾಲನ್ನೂ ತೋರಿಸಿದರು.

1937ರಲ್ಲಿ ಅವರೂ ಸಹೋದ್ಯೋಗಿ ಹೆರ್ಟಾ ವಾಂಬಾಖರ್ ಅವರೂ ಆಸ್ಟ್ರಿಯಾದ ಹಾಫೆಲೆಕರ್ ಬೆಟ್ಟದ ಮೇಲೆ, ಸುಮಾರು 2,300 ಮೀಟರ್ ಎತ್ತರದಲ್ಲಿ, ತಿಂಗಳುಗಟ್ಟಲೆ ಪ್ಲೇಟುಗಳನ್ನಿಟ್ಟರು. ಅವುಗಳಲ್ಲಿ ಒಂದೇ ಬಿಂದುವಿನಿಂದ ನಕ್ಷತ್ರದಂತೆ ಚಿಮ್ಮಿದ ಸಾಲುಗಳು ಸಿಕ್ಕವು. ವಿಶ್ವಕಿರಣದ ಏಟಿಗೆ ಒಂದು ಪರಮಾಣುವಿನ ಬೀಜ ಒಡೆದು ಚೂರಾದ ಗುರುತು ಅದು. ಮರುವರ್ಷವೇ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತು. ಯಹೂದಿಯಾಗಿದ್ದ ಬ್ಲೌ ದೇಶ ಬಿಡಬೇಕಾಯಿತು. ಐನ್‌ಸ್ಟೈನ್ ನೆರವಿನಿಂದ ಮೆಕ್ಸಿಕೋದಲ್ಲಿ ಕೆಲಸ ಸಿಕ್ಕಿತಾದರೂ ಮೊದಲಿನಂತೆ ಸಂಶೋಧನೆ ನಡೆಸುವ ಅನುಕೂಲ ಅಲ್ಲಿರಲಿಲ್ಲ.

ಅದೇ ಹೊತ್ತಿಗೆ ಕಲ್ಕತ್ತಾದಲ್ಲಿ ಬಿಭಾ ಚೌಧುರಿ ಈ ವಿಧಾನವನ್ನು ಕೈಗೆತ್ತಿಕೊಂಡರು. 1913ರಲ್ಲಿ ಹುಟ್ಟಿದ ಅವರು, 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಏಕೈಕ ವಿದ್ಯಾರ್ಥಿನಿ. ಬೋಸ್ ಸಂಸ್ಥೆಯ ದೇಬೇಂದ್ರ ಮೋಹನ ಬೋಸ್ ಅವರೊಂದಿಗೆ ಸೇರಿ ಡಾರ್ಜಿಲಿಂಗ್, ಸಂದಕ್‌ಫು ಮುಂತಾದ ಎತ್ತರದ ಸ್ಥಳಗಳಲ್ಲಿ ಪ್ಲೇಟುಗಳನ್ನಿಟ್ಟರು. ಸಂದಕ್‌ಫು ಸುಮಾರು 12,000 ಅಡಿ ಎತ್ತರದಲ್ಲಿದೆ. 1940ರಿಂದ 1942ರವರೆಗೆ ‘ನೇಚರ್’ ಪತ್ರಿಕೆಯಲ್ಲಿ ಅವರ ಲೇಖನಗಳು ಬಂದವು. ವಿಶ್ವಕಿರಣಗಳಲ್ಲಿ ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ಭಾರದ ಕಣಗಳಿವೆ ಎಂದು ಅವರು ಚುಕ್ಕಿಗಳ ಲೆಕ್ಕದಿಂದಲೇ ಹೇಳಿದ್ದರು. ಯುದ್ಧಕಾಲದಲ್ಲಿ ಉತ್ತಮ ದರ್ಜೆಯ ಪ್ಲೇಟುಗಳು ಭಾರತಕ್ಕೆ ಬರುತ್ತಿರಲಿಲ್ಲ. ಹೀಗಾಗಿ ಕೆಲಸ ಮುಂದುವರಿಯಲಿಲ್ಲ.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸೆಸಿಲ್ ಪೊವೆಲ್ ಅವರಿಗೆ ಸುಧಾರಿತ ಪ್ಲೇಟುಗಳು ಸಿಕ್ಕವು. 1947ರಲ್ಲಿ ಅವರ ತಂಡ ಪಯಾನ್ ಎಂಬ ಕಣವನ್ನು ಕಂಡುಹಿಡಿಯಿತು, 1950ರಲ್ಲಿ ಪೊವೆಲ್‌ಗೆ ನೊಬೆಲ್ ಬಂದಿತು. ಅಲ್ಲಿ ದಿನವಿಡೀ ಸೂಕ್ಷ್ಮದರ್ಶಕದ ಮುಂದೆ ಕುಳಿತು ಪ್ಲೇಟು ಹುಡುಕುತ್ತಿದ್ದವರೂ ಮಹಿಳೆಯರೇ. ಪಯಾನ್ ಒಡೆಯುವ ಮೊದಲ ಸಾಲು ಕಣ್ಣಿಗೆ ಬಿದ್ದದ್ದು ಮಾರಿಯೆಟ್ಟಾ ಕುರ್ಜ್ ಎಂಬವರಿಗೆ. ಪೊವೆಲ್ ಅವರ ಶ್ರಮವೇನೂ ಕಡಿಮೆಯದಲ್ಲ, ಬೋಸ್ ಮತ್ತು ಚೌಧುರಿ ಅವರ ಕೆಲಸವನ್ನು ಅವರು ಸ್ಮರಿಸಿಯೂ ಇದ್ದಾರೆ. ಬ್ಲೌ ಅವರ ಹೆಸರನ್ನು ಶ್ರೋಡಿಂಗರ್ ನೊಬೆಲ್‌ಗೆ ಸೂಚಿಸಿದ್ದರು. ಆದರೂ ಬಹುಮಾನ ಒಬ್ಬರಿಗೇ ಹೋಯಿತು.

ಬಿಭಾ ಮ್ಯಾಂಚೆಸ್ಟರಿನಲ್ಲಿ ಬ್ಲಾಕೆಟ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಿ, 1949ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿನ ಮೊದಲ ಸಂಶೋಧಕಿ ಅವರೇ. ಆ ಸಂಸ್ಥೆಯಿಂದಲೇ ನಮ್ಮ ನಂಜನಗೂಡಿನ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ ಗೈಗರ್ ಕೌಂಟರುಗಳನ್ನು ಕೋಲಾರದ ಚಿನ್ನದ ಗಣಿಗೆ ಇಳಿಸಿ ವಿಶ್ವಕಿರಣ ಅಳೆದರು. 1965ರಲ್ಲಿ ಅದೇ ಗಣಿಯ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಗುರುತು ಸಿಕ್ಕಿತು. ಬಿಭಾ ಕೂಡ ಮುಂದೆ ಕೋಲಾರದ ಪ್ರಯೋಗಗಳಲ್ಲಿ ತೊಡಗಿಕೊಂಡಿದ್ದರು. ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯೆಯಾಗಿ ಆರಿಸಲಿಲ್ಲ. ಅವರು 1991ರಲ್ಲಿ ತೀರಿಕೊಂಡರು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಒಂದು ನಕ್ಷತ್ರಕ್ಕೆ ‘ಬಿಭಾ’ ಎಂದು ಹೆಸರಿಟ್ಟಿತು.

ಪ್ಲೇಟಿನ ಇನ್ನೊಂದು ಕವಲು ಆಸ್ಪತ್ರೆಗೆ ಬಂದಿತು. ಎಕ್ಸ್‌ರೇ ಕೋಣೆಯ ಸಿಬ್ಬಂದಿ ಎದೆಗೆ ಫಿಲ್ಮ್ ಬ್ಯಾಡ್ಜ್ ಧರಿಸುತ್ತಿದ್ದರು. ಫಿಲ್ಮು ಎಷ್ಟು ಕಪ್ಪಾಯಿತೋ ಅಷ್ಟು ವಿಕಿರಣ ಮೈಗೆ ತಾಗಿದೆ ಎಂದು ಲೆಕ್ಕ. ನಮ್ಮಲ್ಲಿ 1970ರ ದಶಕದಿಂದ ಅದರ ಜಾಗಕ್ಕೆ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಟಿ.ಎಲ್.ಡಿ. ಬ್ಯಾಡ್ಜ್ ಬಂದಿದೆ. ಅದರಲ್ಲಿರುವ ಕ್ಯಾಲ್ಸಿಯಂ ಸಲ್ಫೇಟ್ ಬಿಲ್ಲೆಗಳು ವಿಕಿರಣದ ಶಕ್ತಿಯನ್ನು ಹಿಡಿದಿಟ್ಟು, ಕಾಯಿಸಿದಾಗ ಬೆಳಕಾಗಿ ಬಿಡುತ್ತವೆ. ಆ ಬೆಳಕನ್ನು ಅಳೆಯುತ್ತಾರೆ. ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಗರ್ಭಿಣಿಯೆಂದು ತಿಳಿಸಿದ ಮೇಲೆ ಹೊಟ್ಟೆಯಲ್ಲಿನ ಮಗುವಿಗೆ 1 ಮಿಲಿಸೀವರ್ಟ್ ಮಾತ್ರ.

ನಮ್ಮ ಮನೆಗಳ ಹೆಣ್ಣುಮಕ್ಕಳು ಈಗ ರೇಡಿಯಾಲಜಿ, ನರ್ಸಿಂಗ್, ಕ್ಯಾನ್ಸರ್ ಚಿಕಿತ್ಸಾ ವಿಭಾಗಗಳಲ್ಲಿ ದುಡಿಯುತ್ತಿದ್ದಾರೆ. ಬ್ಯಾಡ್ಜನ್ನು ಡ್ರಾಯರಿನಲ್ಲಿಟ್ಟು ಕೆಲಸಕ್ಕೆ ನಿಲ್ಲಬೇಡಿ, ಅದರ ವರದಿಯನ್ನು ತಪ್ಪದೆ ಕೇಳಿ ನೋಡಿ ಎಂದು ಅವರಿಗೆ ಹೇಳೋಣ. ಜೊತೆಗೆ ಮಾರಿಯೆಟ್ಟಾ ಬ್ಲೌ ಮತ್ತು ಬಿಭಾ ಚೌಧುರಿ ಅವರ ಹೆಸರನ್ನೂ ಹೇಳೋಣ.