ಹೊನ್ನಿನ ತೂಕವೂ ಮದ್ದಿನ ತೂಕವೂ

ಪೇಟೆಯಿದ್ದಲ್ಲಿ ತ್ರಾಸು ಇರಲೇಬೇಕು. ಹುಬ್ಬಳ್ಳಿಯ ಕಮರಿಪೇಟೆಯು ತನ್ನ ಹೆಸರಿನಲ್ಲಿಯೇ ಪೇಟೆಯನ್ನು ಉಳಿಸಿಕೊಂಡಿರುತ್ತದೆ. ಇಂದು ಇಂಥ ಪೇಟೆಗಳಲ್ಲಿ ಕೋಲುತ್ರಾಸು ಹಿಂದೆ ಸರಿದು, ಅಂಕಿಗಳನ್ನು ಬೆಳಗಿಸುವ ಡಿಜಿಟಲ್ ತ್ರಾಸು ಅದರ ಸ್ಥಾನವನ್ನು ಪಡೆದಿದೆ. ಆ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಯು ಮಾತ್ರ ಹೊಸದಲ್ಲ. ಈ ಊರಿನ ಪೂರ್ವಚರಿತ್ರೆಯಲ್ಲಿಯೇ ಅದರ ಬೇರುಗಳಿವೆ. ವಿಜಯನಗರದ ಅರಸರ ಕಾಲದಲ್ಲಿ ರಾಯರ ಹುಬ್ಬಳ್ಳಿಯು ಹತ್ತಿ, ಕಬ್ಬಿಣ, ಪೆಟ್ಲುಪ್ಪುಗಳ ವ್ಯಾಪಾರಕ್ಕೆ ಹೆಸರಾಗಿತ್ತು. ಪೆಟ್ಲುಪ್ಪೆಂದರೆ ಕೋವಿಯ ಕರಿಮದ್ದಿನ ಪ್ರಧಾನ ದ್ರವ್ಯ. ನೂರು ಪಾಲು ಮದ್ದಿನಲ್ಲಿ ಸುಮಾರು 75 ಪಾಲು ಅದೇ, ಉಳಿದದ್ದು ಇದ್ದಿಲು ಮತ್ತು ಗಂಧಕ. ಹೀಗೆ ಹೊನ್ನೂ ಮದ್ದಿನ ಉಪ್ಪೂ ಒಂದೇ ಪೇಟೆಯಲ್ಲಿ ಕೈ ಬದಲಿಸುತ್ತಿದ್ದವು.

ಹೊನ್ನಿನ ತೂಕಕ್ಕೆ ಮೂಲವಾದದ್ದು ಗುಲಗಂಜಿ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ 4 ಗಂಡಕಕ್ಕೆ 1 ಗುಂಜೆ, 5 ಗುಂಜೆಗೆ 1 ಪಣ, 8 ಪಣಕ್ಕೆ 1 ಧರಣ ಎಂದು ಚಿನ್ನದ ಕೋಷ್ಟಕವನ್ನು ಹೇಳುತ್ತಾನೆ. ಬೆಳ್ಳಿಗಾದರೋ 2 ಗುಂಜೆಗೆ 1 ಮಾಷ, 16 ಮಾಷಕ್ಕೆ 1 ಧರಣ. ಅಂದರೆ ಚಿನ್ನದ ಧರಣದಲ್ಲಿ 40 ಗುಂಜೆ, ಬೆಳ್ಳಿಯ ಧರಣದಲ್ಲಿ 32. ಹೆಸರು ಒಂದು, ತೂಕ ಎರಡು. ಶಾಸನಗಳನ್ನೋದುವವರು ಇದನ್ನು ಮರೆಯುವಂತಿಲ್ಲ. ಗುಲಗಂಜಿಯ ಕಾಳುಗಳಾದರೂ ಸಮತೂಕದವೇ? ಅಲ್ಲ. 8 ಗುಂಜಿಗೆ ಮಾಷ, 12 ಮಾಷಕ್ಕೆ ತೊಲ ಎಂಬ ಲೆಕ್ಕದಂತೆ 180 ಗ್ರೇನಿನ ತೊಲದಲ್ಲಿ ಗುಂಜಿಗೆ 1.875 ಗ್ರೇನು ಬರುತ್ತದೆ. ಕೈಗೆ ಬಂದ ಒಂಟಿ ಕಾಳು ಇದಕ್ಕಿಂತ ಹೆಚ್ಚೋ ಕಡಿಮೆಯೋ ಇರುವದೇ ವಾಡಿಕೆ. ಆದರೆ 96 ಕಾಳುಗಳನ್ನು ಒಟ್ಟಿಗೆ ಇಟ್ಟಾಗ ಒಂದರ ಹೆಚ್ಚಳವು ಇನ್ನೊಂದರ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಚಿನಿವಾರರು ಕಾಳನ್ನು ನೆಚ್ಚಿದ್ದು ಮೂಢತನದಿಂದಲ್ಲ. ರಾಶಿಯ ಗುಣವನ್ನು ಅರಿತಿದ್ದರಿಂದ.

ಆದರೆ ದೋಷವು ಒಂದೇ ಕಡೆಗೆ ವಾಲಿದಾಗ ರಾಶಿಯೇ ಶತ್ರುವಾಗುತ್ತದೆ. 1673ರಲ್ಲಿ ಮರಾಠಾ ಸೈನ್ಯವು ಹುಬ್ಬಳ್ಳಿಯನ್ನು ಸೂರೆಗೊಂಡಾಗ ಅಲ್ಲಿಯ ಇಂಗ್ಲಿಷ್ ಕಂಪನಿಯ ಕೋಠಿಯೂ ಲೂಟಿಯಾಯಿತು. ಕಂಪನಿಯವರು ತಮ್ಮ ಹಾನಿಯನ್ನು 7,894 ಹೊನ್ನೆಂದು ತೋರಿಸಿದರು. ಶಿವಾಜಿಯು ಅದರ ಹೊಣೆಯನ್ನು ಒಪ್ಪಿಕೊಳ್ಳಲಿಲ್ಲ. ಇಲ್ಲಿ ಆ ವಿವಾದಕ್ಕಿಂತ ಅಂಕಿಯೇ ಗಮನಾರ್ಹವಾದುದು. ವಿಜಯನಗರದ ವರಹದ ತೂಕ ಸುಮಾರು 52 ಗ್ರೇನು. ಇಂಥ 7,894 ನಾಣ್ಯಗಳನ್ನು ಒಂದೊಂದಾಗಿ ತೂಗಿ ಕೊಡುವಾಗ ತ್ರಾಸು ಪ್ರತಿ ಸಲವೂ ಅರ್ಧ ಗ್ರೇನು ಒಂದೇ ಪಕ್ಷಕ್ಕೆ ವಾಲಿದರೆ ಒಟ್ಟು ವ್ಯತ್ಯಾಸ 3,947 ಗ್ರೇನು, ಅಂದರೆ ಸುಮಾರು 76 ಹೊನ್ನು! ಅದೇ ತ್ರಾಸು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸಿದ್ದರೆ ನಷ್ಟವು ಲೆಕ್ಕಕ್ಕೆ ಸಿಕ್ಕುತ್ತಿರಲಿಲ್ಲ. ಆದುದರಿಂದ ತ್ರಾಸಿನ ಗುಣಗಳು ಎರಡು: ನಿಜವಾದ ತೂಕಕ್ಕೆ ಹತ್ತಿರವಿರುವ ಯಥಾರ್ಥತೆ ಒಂದು, ಪ್ರತಿ ಸಲವೂ ಅದನ್ನೇ ಹೇಳುವ ಸ್ಥಿರತೆ ಇನ್ನೊಂದು. ಹೊನ್ನಿನ ವ್ಯವಹಾರಕ್ಕೆ ಮೊದಲನೆಯದಿದ್ದರೆ ಹೆಚ್ಚುಕಡಿಮೆ ಸಾಕು.

ಮದ್ದಿಗೆ ಸಾಲದು. ತೋಟಾದೊಳಗಿನ ಮದ್ದು ಒಂಟಿಯಾಗಿಯೇ ಉರಿಯುತ್ತದೆ. ಹಿಂದಿನ ತೋಟಾದಲ್ಲಿ ಕಡಿಮೆ ಬಿದ್ದದ್ದು ಈಗಿನದರ ಹೆಚ್ಚಳವನ್ನು ತಗ್ಗಿಸಲಾರದು. ಕರಿಮದ್ದಿನ ಕಾಲದಲ್ಲಿ ಇದರ ಕಾಟವು ಅಷ್ಟಿರಲಿಲ್ಲ. ಕೊಂಬಿನಿಂದ ಸುರಿದು ಅಳತೆಯಿಂದ ತುಂಬಿದರೂ ನಡೆಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್‌ನು ಹೊಗೆಯಿಲ್ಲದ ಮದ್ದನ್ನು ಸಾಧಿಸಿದ ಮೇಲೆ ಮಾತು ಬದಲಾಯಿತು. ಇದರ ಬಲವು ಹೆಚ್ಚು, ಬೇಕಾದ ಪ್ರಮಾಣವು ಅಲ್ಪ. ಸಣ್ಣ ಕೈಬಂದೂಕಿನ ತೋಟಾಕ್ಕೆ ಕೆಲವೇ ಗ್ರೇನುಗಳು ಸಾಕು, ಅಂದರೆ ಹೆಚ್ಚುಕಡಿಮೆ ಒಂದು ಹಳೆಯ ಚಿನ್ನದ ಹಣದ ತೂಕ. ಅಲ್ಲಿ ಅರ್ಧ ಗ್ರೇನು ಹೆಚ್ಚಾದರೆ ಹತ್ತರಲ್ಲೊಂದು ಪಾಲು ಹೆಚ್ಚಿದಂತಾಯಿತು. ನಳಿಗೆಯ ಒತ್ತಡವಾದರೋ ಆ ಪ್ರಮಾಣವನ್ನು ಮೀರಿ ಏರುತ್ತದೆ. ವರಹದಲ್ಲಿ ನೂರಕ್ಕೊಂದರಷ್ಟಾಗಿದ್ದ ದೋಷವು ಇಲ್ಲಿ ಕೈಯನ್ನೂ ಕಣ್ಣನ್ನೂ ಕಳೆಯಬಲ್ಲುದು. (ತೋಟಾ ತಯಾರಿಕೆಗೆ ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯದೆಯಂತೆ ಪರವಾನಗಿ ಬೇಕೆಂಬುದು ಬೇರೆ ಮಾತು.)

ಮದ್ದು ತೂಗುವ ಡಿಜಿಟಲ್ ತ್ರಾಸುಗಳು ಸಾಮಾನ್ಯವಾಗಿ ಗ್ರೇನಿನ ಹತ್ತನೆಯ ಒಂದಂಶವನ್ನು, ಎಂದರೆ ಸುಮಾರು 6.5 ಮಿಲಿಗ್ರಾಮನ್ನು ತೋರಿಸುತ್ತವೆ. ತೋರಿಸುವದು ಬೇರೆ, ಅಷ್ಟು ಯಥಾರ್ಥವಾಗಿರುವದು ಬೇರೆ. ತಟ್ಟೆಯ ಕೆಳಗೆ ಭಾರಕ್ಕೆ ತುಸು ಬಾಗುವ ಲೋಹದ ತುಂಡೊಂದಿದ್ದು, ಆ ಬಾಗುವಿಕೆಯು ವಿದ್ಯುತ್ತಿನ ಅತ್ಯಲ್ಪ ಬದಲಾವಣೆಯಾಗಿ ಅಂಕಿಯಾಗುತ್ತದೆ. ಕೋಣೆಯ ಶಾಖ, ಗಾಳಿಯ ಸುಳಿವು, ಯಂತ್ರವು ಇನ್ನೂ ಬೆಚ್ಚಗಾಗದಿರುವದು, ಇವೆಲ್ಲ ಆ ಅಂಕಿಯನ್ನು ಸರಿಸುತ್ತವೆ. ಇನ್ನೊಂದು ದೋಷವು ವಿಚಿತ್ರವಾದುದು. ಇಂಥ ಹಲವು ತ್ರಾಸುಗಳು ಸಣ್ಣ, ನಿಧಾನದ ಬದಲಾವಣೆಯನ್ನು ತಮ್ಮದೇ ಚಂಚಲತೆಯೆಂದು ಬಗೆದು ಸೊನ್ನೆಗೆ ತಿದ್ದಿಕೊಳ್ಳುತ್ತವೆ. ತಟ್ಟೆಗೆ ಕಾಳು ಕಾಳಾಗಿ ಮದ್ದು ಸುರಿದರೆ ಮೊದಲ ಕೆಲವು ಕಾಳುಗಳು ಲೆಕ್ಕಕ್ಕೇ ಬಾರದೆ ಹೋಗಬಹುದು. ಹಳೆಯ ಕೋಲುತ್ರಾಸಿಗೂ ತೋಳು ಉದ್ದಗಿಡ್ಡವಾಗುವ ದೋಷವಿತ್ತು. ಆದರೆ ಸರಕನ್ನೂ ಕಲ್ಲನ್ನೂ ತಟ್ಟೆಗಳಲ್ಲಿ ಅದಲುಬದಲು ಮಾಡಿದೊಡನೆ ಅದು ಬಯಲಾಗುತ್ತಿತ್ತು. ಒಂದೇ ತಟ್ಟೆಯ ಈ ಯಂತ್ರದಲ್ಲಿ ಆ ಉಪಾಯವಿಲ್ಲ. ತಿಳಿದ ತೂಕದ ಕಲ್ಲೊಂದನ್ನು, ಅದೂ ಮದ್ದಿನ ತೂಕಕ್ಕೆ ಸಮೀಪವಾದುದನ್ನು, ನಡುನಡುವೆ ಇಟ್ಟು ನೋಡುವದೊಂದೇ ದಾರಿ.

ತೂಕದ ಕಲ್ಲುಗಳು ನೀರಿನಿಂದ ಹಿಗ್ಗದ, ಶಾಖದಿಂದ ಕುಗ್ಗದ ವಸ್ತುವಿನವು ಆಗಿರಬೇಕೆಂದೂ, ನಾಲ್ಕು ತಿಂಗಳಿಗೊಮ್ಮೆ ಅವಕ್ಕೆ ಮುದ್ರೆಯಾಗಬೇಕೆಂದೂ ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸಿತ್ತು. 2009ರ ಕಾನೂನು ಮಾಪನಶಾಸ್ತ್ರ ಕಾಯದೆಯ ಮೇರೆಗೆ ಅಂಗಡಿಯ ಡಿಜಿಟಲ್ ತ್ರಾಸಿಗೆ ವರ್ಷಕ್ಕೊಮ್ಮೆ ಪರೀಕ್ಷೆ, ಮುದ್ರೆ ಆಗಬೇಕು. ಆದರೆ ಆ ಮುದ್ರೆಯು ಕೊಡುಕೊಳ್ಳುವಿಕೆಯ ತ್ರಾಸಿಗೆ ಸಂಬಂಧಿಸಿದ್ದು. ಮೇಜಿನ ಮೇಲೆ ತನಗಾಗಿಯೇ ಮದ್ದು ತೂಗಿಕೊಳ್ಳುವವನ ತ್ರಾಸನ್ನು ಪರೀಕ್ಷಿಸಲು ಯಾವ ಅಧಿಕಾರಿಯೂ ಬರುವದಿಲ್ಲ.