ಫ್ಯೂಸು ಪೆಟ್ಟಿಗೆಯ ಪೂರ್ವೋತ್ತರ

ಇತಿಹಾಸವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ರಾಜರು, ಯುದ್ಧಗಳು, ಶಾಸನಗಳು. ಮೋಟಾರು ಸೈಕಲ್ಲಿನ ಸೀಟಿನ ಕೆಳಗೆ ಬ್ಯಾಟರಿಯ ಮಗ್ಗುಲಲ್ಲಿ ಕುಳಿತಿರುವ ಅಂಗೈಯಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆಗೂ ಇತಿಹಾಸವುಂಟು ಎಂದರೆ, ಕನ್ನಡ ಪಾಠ ಹೇಳುವ ಮೇಷ್ಟರಿಗೆ ಬೇರೆ ಕೆಲಸವಿಲ್ಲವೆ ಎಂದು ಓದುಗರು ನಕ್ಕಾರು. ನಗಲಿ. ಆ ಪೆಟ್ಟಿಗೆಯ ಹಿಂದೆ ಸುಮಾರು ನೂರೆಪ್ಪತ್ತೈದು ವರ್ಷಗಳ ಕಥೆಯಿದೆ. ಹಲವರ ಪ್ರಾಣ ಇಂದಿಗೂ ಅದನ್ನು ನಂಬಿಕೊಂಡಿದೆ.

ಮೊದಲು ಪೆಟ್ಟಿಗೆ ಏನೆಂಬುದನ್ನು ಹೇಳಿಬಿಡುತ್ತೇನೆ. ದೂರದ ಸವಾರಿಗೆ ಹೊರಡುವ ನಮ್ಮ ತರುಣರು ಕಾರ್ಖಾನೆಯಿಂದ ಬಂದ ಮೋಟಾರು ಸೈಕಲ್ಲಿಗೆ ತೃಪ್ತರಾಗುವವರಲ್ಲ. ಮಂಜು ಸೀಳುವ ಎರಡು ದೀಪ ಬೇಕು. ಮೊಬೈಲಿಗೆ ಚಾರ್ಜರು ಬೇಕು. ಲಾರಿಯವನಿಗೂ ಕೇಳಿಸುವ ಹಾರನ್ನು ಬೇಕು. ಲಡಾಖಿಗೆ ಹೋಗುವವನಾದರೆ ಕೈ ಬೆಚ್ಚಗಿಡುವ ಹಿಡಿಯೂ ಬೇಕು. ಪ್ರತಿಯೊಂದಕ್ಕೂ ಒಂದೊಂದು ತಂತಿಯನ್ನು ಬ್ಯಾಟರಿಗೆ ಸಿಕ್ಕಿಸುತ್ತ ಹೋದರೆ ಅಲ್ಲಿ ಹಕ್ಕಿಯ ಗೂಡೇ ಏರ್ಪಡುತ್ತದೆ. ಅದಕ್ಕೆ ಬದಲಾಗಿ ಬ್ಯಾಟರಿಯಿಂದ ಒಂದೇ ದಪ್ಪ ತಂತಿಯನ್ನು ತಂದು, ಒಂದು ಪೆಟ್ಟಿಗೆಯಲ್ಲಿ ಆರೋ ಎಂಟೋ ಕವಲುಗಳಾಗಿ ಒಡೆದು, ಪ್ರತಿ ಕವಲಿಗೂ ಅದರದೇ ಒಂದು ಫ್ಯೂಸನ್ನಿಟ್ಟರೆ ಅದೇ ಉಪ ಫ್ಯೂಸು ಪೆಟ್ಟಿಗೆ. ಕಾರ್ಖಾನೆಯ ಮೂಲ ತಂತಿಗಳಿಗೂ ಇದಕ್ಕೂ ಸಂಬಂಧವಿಲ್ಲ; ಬೇರೆ ಒಲೆ, ಬೇರೆ ಅಡುಗೆ.

ಫ್ಯೂಸೆಂಬ ಮಾತಿನ ಬೇರು ಲ್ಯಾಟಿನ್ನಿನಲ್ಲಿದೆ. ಕರಗಿಸು, ಎರಕ ಹೊಯ್ಯಿ ಎಂದು ಅರ್ಥ. ನಮ್ಮ ಜನ ಅದಕ್ಕೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ, ಕ್ರಿಯಾಪದವನ್ನು ಮಾತ್ರ ತಮ್ಮ ಕೈಯಿಂದ ಕೊಟ್ಟರು. ಕನ್ನಡದಲ್ಲಿ ಫ್ಯೂಸು ಕರಗುವುದಿಲ್ಲ, ‘ಹೋಗುತ್ತದೆ’: ಕರೆಂಟು ಹೋದಂತೆ, ಮಾನ ಹೋದಂತೆ, ಜೀವ ಹೋದಂತೆ.

ಈ ಹೋಗುವ ವಸ್ತುವಿನ ಉಪಯೋಗವನ್ನು ಮೊದಲು ಮನಗಂಡವರಲ್ಲಿ ಒಬ್ಬ ಪ್ಯಾರಿಸ್ಸಿನ ಲೂಯಿ ಬ್ರೆಗೆ. ಗಡಿಯಾರ ಮಾಡುವ ಪ್ರಸಿದ್ಧ ಮನೆತನದವನು. ಆಗ ಟೆಲಿಗ್ರಾಫ್ ತಂತಿಗಳು ಹೊಸದಾಗಿ ಊರಿಂದೂರಿಗೆ ಹರಡುತ್ತಿದ್ದವು. ಬಯಲಲ್ಲಿ ಸಿಡಿಲು ತಂತಿಗೆ ಬಡಿದರೆ ಅದು ನೆಟ್ಟಗೆ ಕಚೇರಿಯೊಳಗೆ ಹರಿದು ಯಂತ್ರವನ್ನು ಸುಡುತ್ತಿತ್ತು. ಯಂತ್ರದ ಮುಂದೆ ಕುಳಿತ ಗುಮಾಸ್ತನ ಗತಿಯನ್ನು ಹೇಳಬೇಕಾದುದಿಲ್ಲ. ಹೊರಗಿನ ದಪ್ಪ ತಂತಿಗೂ ಕಚೇರಿಯ ಯಂತ್ರಕ್ಕೂ ನಡುವೆ ಒಂದು ಸಣ್ಣ ಎಳೆಯ ತಂತಿಯನ್ನಿಡಿ, ಸಿಡಿಲು ಬಂದರೆ ಅದು ಕರಗಿ ದಾರಿ ಮುರಿಯಲಿ, ಎಂದು ಬ್ರೆಗೆ 1847ರಲ್ಲಿ ಸೂಚಿಸಿದ. ಇದಕ್ಕೆ ಕೆಲವು ವರ್ಷ ಮೊದಲೇ ಇಂಗ್ಲೆಂಡಿನ ಜೂಲ್ ಎಂಬಾತ ಇದರ ಗಣಿತವನ್ನು ಹೇಳಿಯಾಗಿತ್ತು: ತಂತಿಯಲ್ಲಿ ಪ್ರವಾಹ ಇಮ್ಮಡಿಯಾದರೆ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ಫ್ಯೂಸಿನ ಶಾಸ್ತ್ರವೆಲ್ಲ ಈ ಒಂದು ವಾಕ್ಯದೊಳಗೇ ಇದೆ. ಮುಂದೆ ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಿಂದ ಮನೆಮನೆಗೆ ವಿದ್ಯುತ್ತನ್ನು ಮಾರತೊಡಗಿದ ಮೇಲೆ ಬೆಂಕಿಯ ಭಯವೂ ಮನೆಮನೆಗೆ ಬಂತು. ಫ್ಯೂಸನ್ನು ಕೂರಿಸುವ ದಿಮ್ಮಿಗೆ ಅವನು 1890ರಲ್ಲಿ ಪೇಟೆಂಟು ಪಡೆದ.

ಮೋಟಾರು ಸೈಕಲ್ಲಿಗೆ ಆ ಕಾಲದಲ್ಲಿ ಇದಾವುದೂ ಬೇಕಿರಲಿಲ್ಲ. 1885ರಲ್ಲಿ ಜರ್ಮನಿಯ ಡೈಮ್ಲರ್ ಮಾಡಿದ ಮರದ ಚೌಕಟ್ಟಿನ ವಾಹನದಲ್ಲಿ ಕಿಡಿಯೇ ಇಲ್ಲ, ಕೆಂಪಗೆ ಕಾಯಿಸಿದ ಒಂದು ಕೊಳವೆಯಿಂದ ಇಂಧನ ಹೊತ್ತಿಕೊಳ್ಳುತ್ತಿತ್ತು. 1902ರಲ್ಲಿ ಬಾಷ್ ಸಂಸ್ಥೆಯ ಹೊನೋಲ್ಡ್ ಎಂಬ ಎಂಜಿನಿಯರು ಅಧಿಕ ಒತ್ತಡದ ಮ್ಯಾಗ್ನೆಟೋವನ್ನು ಸಿದ್ಧಪಡಿಸಿದ. ಅದು ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುವ ಸ್ವಾವಲಂಬಿ, ಬ್ಯಾಟರಿಯ ಹಂಗಿಲ್ಲ. ಬೆಳಕಿಗೆ ಕಾರ್ಬೈಡ್ ದೀಪ. ಮೇಲಿನ ಪಾತ್ರೆಯ ನೀರು ತೊಟ್ಟುತೊಟ್ಟಾಗಿ ಕೆಳಗಿನ ಕಾರ್ಬೈಡ್ ಹರಳುಗಳ ಮೇಲೆ ಬಿದ್ದು ಅಸಿಟಿಲೀನ್ ಅನಿಲ ಏಳುತ್ತದೆ. ಕಡ್ಡಿ ಗೀರಿದರೆ ಬೆಳ್ಳನೆಯ ಜ್ವಾಲೆ, ಜೊತೆಗೆ ಬೆಳ್ಳುಳ್ಳಿಯ ವಾಸನೆ. ಮಾವಿನಕಾಯಿಯನ್ನು ರಾತ್ರೋರಾತ್ರಿ ಹಣ್ಣು ಮಾಡಲು ಕೆಲವು ವ್ಯಾಪಾರಿಗಳು ಕದ್ದು ಬಳಸುವ ಹರಳು ಇದೇ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ 1905ರಲ್ಲಿ ಬೆಳಗಿದಾಗ, ಯೂರೋಪಿನ ಮೋಟಾರು ಸೈಕಲ್ ಸವಾರ ಇನ್ನೂ ಬೆಂಕಿಕಡ್ಡಿಯ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡುತ್ತಿದ್ದ.

ವಿದ್ಯುತ್ತನ್ನು ಇಡಿಯಾಗಿ ಮೋಟಾರು ಸೈಕಲ್ಲಿಗೆ ತರುವ ಸಾಹಸವನ್ನು ಮಾಡಿದ್ದು ಅಮೆರಿಕದ ಇಂಡಿಯನ್ ಕಂಪನಿ. ಹೆಸರಿಗೂ ನಮ್ಮ ದೇಶಕ್ಕೂ ನಂಟಿಲ್ಲ; ಅಲ್ಲಿನ ಮೂಲನಿವಾಸಿಗಳನ್ನು ನೆನೆದು ಇಟ್ಟ ಹೆಸರು. 1914ರಲ್ಲಿ ಅವರು ಹೊರತಂದ ಹೆಂಡಿ ಸ್ಪೆಷಲ್ ಎಂಬ ವಾಹನದಲ್ಲಿ ವಿದ್ಯುತ್ ದೀಪವಿತ್ತು, ವಿದ್ಯುತ್ ಹಾರನ್ನಿತ್ತು, ಗುಂಡಿಯೊತ್ತಿದರೆ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರೂ ಇತ್ತು. ಆದರೆ ಆ ಭಾರವನ್ನು ಹೊರುವ ಶಕ್ತಿ ಆಗಿನ ಬ್ಯಾಟರಿಗಳಿಗೆ ಇರಲಿಲ್ಲ. ಒಂದೇ ವರ್ಷದಲ್ಲಿ ಆ ಮಾದರಿ ಕಣ್ಮರೆಯಾಯಿತು. ಬಯಕೆ ದೊಡ್ಡದು, ಉಗ್ರಾಣ ಚಿಕ್ಕದು. ಮೋಟಾರು ಸೈಕಲ್ಲಿನ ವಿದ್ಯುತ್ ಚರಿತ್ರೆಯಲ್ಲಿ ಈ ಸಂಕಟ ಮತ್ತೆಮತ್ತೆ ಬರುತ್ತದೆ.

ನಂತರದ ದಶಕಗಳು ಡೈನಮೋದವು. ಇಂಗ್ಲೆಂಡಿನ ಬಹುತೇಕ ವಾಹನಗಳಿಗೆ ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಕಂಪನಿ ದೀಪ, ಡೈನಮೋಗಳನ್ನು ಒದಗಿಸುತ್ತಿತ್ತು. ಸವಾರರು ಲ್ಯೂಕಾಸನಿಗೆ ‘ಕತ್ತಲೆಯ ರಾಜಕುಮಾರ’ನೆಂದು ಬಿರುದು ಕೊಟ್ಟಿದ್ದರಂತೆ. ಬೈಗುಳದಲ್ಲಿ ನಿಜವೆಷ್ಟೋ, ಎಲ್ಲ ದೋಷವನ್ನೂ ತಯಾರಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆಗಿನ ವಾಹನಗಳಲ್ಲಿ ಬ್ಯಾಟರಿಯ ಬಳಿ ಇರುತ್ತಿದ್ದುದು ಬಹುಮಟ್ಟಿಗೆ ಒಂದೇ ಒಂದು ಫ್ಯೂಸು. ಎಲ್ಲಿ ಯಾವ ತಂತಿ ಸವೆದು ಲೋಹದ ಚೌಕಟ್ಟಿಗೆ ತಾಗಿದರೂ ಆ ಒಂದೇ ಫ್ಯೂಸು ಹೋಗಬೇಕು, ಎಲ್ಲವೂ ಆರಬೇಕು. ಒಬ್ಬನ ತಪ್ಪಿಗೆ ಊರಿಗೆಲ್ಲ ಕತ್ತಲೆ.

ಇದೇ ಏರ್ಪಾಟು ನಮ್ಮ ದೇಶಕ್ಕೂ ಬಂತು. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿ ಬುಲೆಟ್ಟು ರಸ್ತೆಗಿಳಿಯಿತು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರು ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದರು. ಅದು 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ವಾಹನ ಮಾಡಿ 1996ರಲ್ಲಿ ಬಾಗಿಲು ಮುಚ್ಚಿತು. ಗೇರು ಹಾಕುವ ಸನ್ನೆಯೇ ಕಿಕ್ಕರೂ ಆಗುವ ಅದರ ಚಮತ್ಕಾರವನ್ನು ಕಂಡವರೆಲ್ಲ ಬಲ್ಲರು. ಅದರ 6 ವೋಲ್ಟಿನ ದೀಪವನ್ನೂ ಬಲ್ಲರು: ಎಂಜಿನ್ನು ಗರ್ಜಿಸಿದರೆ ಬೆಳಗುತ್ತಿತ್ತು, ಸೊರಗಿದರೆ ಮಂಕಾಗುತ್ತಿತ್ತು. ಬುಲೆಟ್ಟಿನ ತಲೆದೀಪದ ಮೇಲೆ ಒಂದು ಪುಟ್ಟ ಆಮ್ಮೀಟರು ಇತ್ತು. ಬ್ಯಾಟರಿಗೆ ಆದಾಯವೋ ಖರ್ಚೋ ಎಂಬುದನ್ನು ಅದರ ಮುಳ್ಳು ತೋರಿಸುತ್ತಿತ್ತು. ಸಂಸಾರಸ್ಥರಿಗೆ ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಉಪಕರಣ ಇನ್ನೊಂದಿರಲಾರದು. ಈಗಿನ ವಾಹನಗಳಲ್ಲಿ ಅದನ್ನು ತೆಗೆದುಹಾಕಿರುವುದು ನನಗೆ ಅಷ್ಟಾಗಿ ಸೇರಿಲ್ಲ.

6 ವೋಲ್ಟಿನಿಂದ 12 ವೋಲ್ಟಿಗೆ ಹೋದದ್ದು ಸಣ್ಣ ವಿಷಯವಲ್ಲ. 30 ವಾಟಿನ ದೀಪ 6 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. ಅಷ್ಟೇ ಪ್ರವಾಹ, ಅಷ್ಟೇ ದಪ್ಪದ ತಂತಿ, 12 ವೋಲ್ಟಿನಲ್ಲಿ 60 ವಾಟಿನ ಬೆಳಕು ಕೊಡುತ್ತದೆ. ಜಪಾನಿನ ಹೋಂಡಾ ಕಂಪನಿ 1969ರಲ್ಲಿ ತಂದ ನಾಲ್ಕು ಸಿಲಿಂಡರಿನ 750ರಲ್ಲಿ 12 ವೋಲ್ಟೂ ಇತ್ತು, ನೆಚ್ಚಬಹುದಾದ ಸ್ಟಾರ್ಟರೂ ಇತ್ತು. 1914ರ ಬಯಕೆ ಐವತ್ತೈದು ವರ್ಷಗಳ ಮೇಲೆ ಕೈಗೂಡಿತೆನ್ನಬೇಕು. ಅಮೆರಿಕದ ಸವಾರರು ಅಷ್ಟಕ್ಕೇ ಬಿಡಲಿಲ್ಲ. 1970ರ ದಶಕದಲ್ಲಿ ಗಾಳಿ ತಡೆಯುವ ದೊಡ್ಡ ಹೊದಿಕೆ, ರೇಡಿಯೋ, ಹೆಚ್ಚಿನ ದೀಪ ಎಲ್ಲವನ್ನೂ ಹೇರಿಕೊಂಡು ಒಂದು ಸಮುದ್ರತೀರದಿಂದ ಇನ್ನೊಂದು ಸಮುದ್ರತೀರಕ್ಕೆ ಹೊರಟರು. ಉಪ ಫ್ಯೂಸು ಪೆಟ್ಟಿಗೆಯ ಅವಶ್ಯಕತೆ ತಲೆದೋರಿದ್ದು ಇಂಥ ಹೇರಿನಿಂದ.

ನಮ್ಮಲ್ಲಿ ಈ ಹೇರಿನ ಕಾಲ ಬಂದದ್ದು ಇತ್ತೀಚೆಗೆ. ಅದರ ಬೆಲೆ ಏನೆಂಬುದನ್ನು ನಾನು ಕಂಡದ್ದು 2016ರಲ್ಲಿ, ನನ್ನ ವಿದ್ಯಾರ್ಥಿಯೊಬ್ಬನ ಕೈಯಲ್ಲಿ. ಅವನು ಗೆಳೆಯನೊಡನೆ ರಾತ್ರಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದ. ಮಳೆ, ಮಂಜು. ಮಂಜಿನ ದೀಪಗಳೆರಡನ್ನು ಯಾರೋ ಮೆಕ್ಯಾನಿಕ್ಕು ತಲೆದೀಪದ ತಂತಿಗೇ ಸುತ್ತಿ ಕೊಟ್ಟಿದ್ದನಂತೆ. ಹ್ಯಾಂಡಲ್ ತಿರುಗಿದಾಗಲೆಲ್ಲ ಆ ತಂತಿ ಚೌಕಟ್ಟಿಗೆ ಉಜ್ಜಿಉಜ್ಜಿ ಕೊನೆಗೆ ಅಲ್ಲಿ, ಒಂದು ತಿರುವಿನಲ್ಲಿ, ಬೆತ್ತಲಾಯಿತು. ಫ್ಯೂಸು ಹೋಯಿತು. ಹಾಳು ಮಂಜಿನ ದೀಪದ ತಂತಿಗಾಗಿ ತಲೆದೀಪ, ಹಿಂದಿನ ಕೆಂಪು ದೀಪ, ಹಾರನ್ನು, ಎಂಜಿನ್ನಿನ ಕಿಡಿ ಎಲ್ಲವೂ ಏಕಕಾಲಕ್ಕೆ ನಿಂತವು. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕ ನಿಧಾನಸ್ಥನಾಗಿದ್ದುದರಿಂದ ಇಬ್ಬರೂ ಉಳಿದರು. ಇಷ್ಟಕ್ಕೇ ಮುಗಿಯಲಿಲ್ಲ. ದಾರಿಹೋಕನೊಬ್ಬ ಕರುಣೆಯಿಂದ ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಫ್ಯೂಸಿಗೆ ಸುತ್ತಿಕೊಟ್ಟ. ಮತ್ತೆ ಬೆಳಕು ಬಂತು. ಅರ್ಧ ಮೈಲಿ ಹೋಗುವಷ್ಟರಲ್ಲಿ ಸೀಟಿನ ಕೆಳಗಿನಿಂದ ಹೊಗೆಯೂ ಬಂತು. ಮುಂದಿನ ವಾರ ಅವನು ತಂತಿಗಳ ಆ ಕಟ್ಟನ್ನು ತಂದು ನನಗೆ ತೋರಿಸಿದ. ಹೊದಿಕೆ ಕರಗಿ ಒಂದಕ್ಕೊಂದು ಅಂಟಿಕೊಂಡು, ಕಪ್ಪು ಬೆಲ್ಲದ ಹುರಿಯಂತೆ ಆಗಿತ್ತು.

ಈ ಬೆಳ್ಳಿಕಾಗದದ ವಿದ್ಯೆಗೆ ನಮ್ಮಲ್ಲಿ ದೊಡ್ಡ ಪರಂಪರೆಯುಂಟು. ಮನೆಯ ಪಿಂಗಾಣಿ ಫ್ಯೂಸಿಗೆ ತಾಮ್ರದ ನಾಲ್ಕು ಎಳೆ ಸುತ್ತಿ, ‘ಇನ್ನು ಜನ್ಮದಲ್ಲಿ ಹೋಗೊಲ್ಲ ಬಿಡಿ’ ಎಂದು ಭರವಸೆ ಕೊಡುವ ಪರಿಣತರನ್ನು ಯಾರು ಕಂಡಿಲ್ಲ? ಹೋಗುವುದೇ ಅದರ ಕೆಲಸ. ಅದು ಹೋಗದಿದ್ದರೆ ಹೋಗುವ ಸರದಿ ಗೋಡೆಯೊಳಗಿನ ತಂತಿಯದು, ಆಮೇಲೆ ಮನೆಯದು. 12 ವೋಲ್ಟಿಗೆ ಮನುಷ್ಯನಿಗೆ ಶಾಕ್ ಹೊಡೆಯುವ ತ್ರಾಣವಿಲ್ಲವೆಂದು ಸಸಾರ ಮಾಡುವವರೂ ಉಂಟು. ಸ್ಟಾರ್ಟರನ್ನು ತಿರುಗಿಸಬಲ್ಲ ಬ್ಯಾಟರಿ, ತಂತಿ ಚೌಕಟ್ಟಿಗೆ ತಾಗಿದ ಕ್ಷಣದಲ್ಲಿ ನೂರು ಆಂಪಿಯರನ್ನು ಮೀರಿ ಸುರಿಯಬಲ್ಲದು. ಜೂಲನ ಲೆಕ್ಕ ಅಲ್ಲಿ ತಾನೇ ತೆರೆದುಕೊಳ್ಳುತ್ತದೆ. ಪೆಟ್ರೋಲ್ ಟ್ಯಾಂಕು ಅಲ್ಲಿಂದ ಮೊಳದ ದೂರ.

ಫ್ಯೂಸಿನ ರೂಪವೂ ಈ ನಡುವೆ ಬದಲಾಯಿತು. ಮೊದಲು ಗಾಜಿನ ಕೊಳವೆ, ಎರಡು ತುದಿಗೆ ಲೋಹದ ಟೊಪ್ಪಿ. ಮೋಟಾರು ಸೈಕಲ್ಲಿನ ಕುಲುಕಾಟಕ್ಕೆ ಅದು ಹಿಡಿಕೆಯಲ್ಲಿ ಸಡಿಲವಾಗುತ್ತಿತ್ತು, ಮಳೆಗೆ ತುಕ್ಕು ಹಿಡಿಯುತ್ತಿತ್ತು. ಬೆಳ್ಳಿಕಾಗದ ಸುತ್ತುವುದಕ್ಕಂತೂ ಹೇಳಿ ಮಾಡಿಸಿದ ಆಕಾರ. 1976ರಲ್ಲಿ ಷಿಕಾಗೋ ಕಡೆಯ ಲಿಟಲ್‌ಫ್ಯೂಸ್ ಕಂಪನಿ ಎರಡು ಚಪ್ಪಟೆ ಕಾಲುಗಳ, ಬಣ್ಣದ ಪ್ಲಾಸ್ಟಿಕ್ ಮೈಯ ಫ್ಯೂಸನ್ನು ತಂದಿತು. ಇಂದು ಎಲ್ಲೆಲ್ಲಿಯೂ ಇರುವುದು ಅದೇ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಓದು ಬಾರದವನೂ ಬಣ್ಣ ನೋಡಿ ಹಾಕಬಹುದು. ಇದರ ಜೊತೆಗಾರ ರಿಲೇ. ಅದೂ ಟೆಲಿಗ್ರಾಫಿನ ಮನೆಯಿಂದಲೇ ಬಂದದ್ದು. ಚಿಕ್ಕ ಪ್ರವಾಹದ ಸನ್ನೆಗೆ ದೊಡ್ಡ ಪ್ರವಾಹದ ಬಾಗಿಲನ್ನು ತೆರೆಯುವ ವಿದ್ಯುತ್ಕಾಂತದ ಚಿಲಕ. ಉಪ ಪೆಟ್ಟಿಗೆಯ ದಪ್ಪ ತಂತಿಗೆ ಬ್ಯಾಟರಿಯ ಬುಡದಲ್ಲೇ ಒಂದು ಮುಖ್ಯ ಫ್ಯೂಸು, ಆಮೇಲೆ ರಿಲೇ, ಆಮೇಲೆ ಪೆಟ್ಟಿಗೆ. ರಿಲೇಗೆ ಸನ್ನೆ ಕೊಡುವುದು ಬೀಗದ ಕೈಯಿಂದ ಚಾಲೂ ಆಗುವ ಯಾವುದಾದರೊಂದು ತಂತಿ. ಕೀಲಿ ತೆಗೆದರೆ ಎಲ್ಲವೂ ಮಲಗುತ್ತವೆ. ಮರೆತುಬಿಟ್ಟ ದೀಪ ರಾತ್ರಿಯೆಲ್ಲ ಬ್ಯಾಟರಿಯನ್ನು ಹೀರುವುದು ತಪ್ಪುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಈ ಸಾಮಗ್ರಿಯೆಲ್ಲ ಸಿಗುತ್ತದೆ. ಸಿಗದಿರುವುದು ಒಂದು ತಿಳಿವಳಿಕೆ: ಫ್ಯೂಸು ಕಾಯುವುದು ದೀಪವನ್ನಲ್ಲ, ತಂತಿಯನ್ನು. 55 ವಾಟಿನ ದೀಪ ಎರಡಾದರೆ 110 ವಾಟು. 12ರಿಂದ ಭಾಗಿಸಿದರೆ 9 ಆಂಪಿಯರಿಗೆ ತುಸು ಮೇಲು. 15ರ ಫ್ಯೂಸು ಸಾಕು. ಆದರೆ ಆ 15ನ್ನು ಸುಡದೆ ಹೊರುವ ತಂತಿ ಇರಬೇಕು. ಎಳೆ ಸಣ್ಣದಾಗಿದ್ದರೆ ಫ್ಯೂಸಿಗಿಂತ ಮೊದಲು ತಂತಿಯೇ ಫ್ಯೂಸಾಗುತ್ತದೆ. ಇನ್ನೊಂದು ಮಾತು. ಪೆಟ್ಟಿಗೆ ಹಂಚುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಆಲ್ಟರ್ನೇಟರು ಹುಟ್ಟಿಸುವುದಕ್ಕಿಂತ ಹೆಚ್ಚು ಬಳಸಿದರೆ ಎಂಟು ಕವಲಿನ ಪೆಟ್ಟಿಗೆಯೂ ಹೆಂಡಿ ಸ್ಪೆಷಲ್ಲಿನ ಗತಿಯನ್ನೇ ಕಾಣುತ್ತದೆ. 2017ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ದ್ವಿಚಕ್ರಿಗಳಲ್ಲಿ ಹಗಲೂ ತಲೆದೀಪ ಉರಿಯಲೇಬೇಕೆಂಬ ನಿಯಮ ಬಂದಿರುವುದರಿಂದ ಉಳಿಕೆಯೂ ಕಡಿಮೆಯಾಗಿದೆ.

ಈ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ ಕೊನೆಯದು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ 2004ರಲ್ಲಿ ಆರ್ 1200 ಜಿ.ಎಸ್. ಎಂಬ ಪ್ರವಾಸದ ವಾಹನವನ್ನು ತಂದಿತು. ಅದರಲ್ಲಿ ಹಳೆಯ ಬಗೆಯ ಫ್ಯೂಸುಗಳೇ ಇಲ್ಲ. ಎಲ್ಲಿ ಪ್ರವಾಹ ಮಿತಿ ಮೀರಿದರೂ ಒಂದು ಎಲೆಕ್ಟ್ರಾನಿಕ್ ಮಿದುಳು ಅದನ್ನು ಗುರುತಿಸಿ ಆ ದಾರಿಯನ್ನು ಮುಚ್ಚುತ್ತದೆ, ದೋಷ ಕಳೆದರೆ ಮತ್ತೆ ತೆರೆಯುತ್ತದೆ. ಬ್ರೆಗೆಯ ಎಳೆತಂತಿಗೆ ಇನ್ನು ನಿವೃತ್ತಿಯೆಂದು ತೋರಬೇಕಾದದ್ದೇ. ಆದರೆ ಆ ಮಿದುಳು ಬಹಳ ಶಿಸ್ತಿನದು. ಸವಾರ ಹೊರಗಿನಿಂದ ತಂದ ಗಾಳಿ ಪಂಪನ್ನೋ ಬಿಸಿ ಅಂಗಿಯನ್ನೋ ಅದರ ತಂತಿಗೆ ಹಚ್ಚಿದರೆ, ಅನುಮಾನಿಸಿ ಕೊಂಡಿಯನ್ನೇ ಕತ್ತರಿಸಿಬಿಡುತ್ತದೆ. ಆದ್ದರಿಂದ ಆ ವಾಹನದ ಒಡೆಯರಲ್ಲಿ ಅನೇಕರು ನೇರವಾಗಿ ಬ್ಯಾಟರಿಯಿಂದ ಒಂದು ದಪ್ಪ ತಂತಿಯನ್ನೆಳೆದು, ನಡುವೆ ಒಂದು ರಿಲೇಯನ್ನಿಟ್ಟು, ಸೀಟಿನ ಕೆಳಗೆ ಕೆಂಪು ನೀಲಿ ಬಣ್ಣದ ಫ್ಯೂಸುಗಳ ಒಂದು ಪೆಟ್ಟಿಗೆಯನ್ನು ಕೂರಿಸಿಕೊಂಡರು.