ಮುಪ್ಪಿಗೊಂದು ಶಾಸ್ತ್ರ ಹುಟ್ಟಿದ ಬಗೆ

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಅರವತ್ತು ದಾಟಿದವರಂತೂ ಬೇಕಾದುದಕ್ಕಿಂತ ಹೆಚ್ಚಾಗಿಯೇ ಕೇಳಿರುತ್ತಾರೆ. ಪರಿಚಿತರ ಹೆಸರು ಮರೆತರೆ ಅದು ಅರಳು ಮರಳು. ಕನ್ನಡಕ ಎಲ್ಲಿಟ್ಟೆನೆಂದು ಹುಡುಕಿದರೆ ಅದೂ ಅರಳು ಮರಳು. ಇಪ್ಪತ್ತರ ಹುಡುಗ ಅದೇ ಕನ್ನಡಕವನ್ನು ಮರೆತರೆ ಮಾತ್ರ ಅದಕ್ಕೆ ಅವಸರವೆಂದು ಹೆಸರು. ಬೇಂದ್ರೆಯವರು ತಮ್ಮ ಅರವತ್ತರ ಸುಮಾರಿನಲ್ಲಿ ಈ ಎರಡು ಪದಗಳನ್ನೇ ಎತ್ತಿಕೊಂಡು ಸಂಕಲನಕ್ಕೆ ಹೆಸರಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮರಳಿ ಅರಳುವುದೆಂಬ ಅರ್ಥವೂ ಆ ಪದಗಳಲ್ಲಿ ಅಡಗಿರಬಹುದೆಂಬುದು ಆಗ ಅನೇಕ ಓದುಗರಿಗೆ ಹೊಳೆದಿರಬೇಕು. ಮುಪ್ಪಿನ ಮೇಲೆ ನಾವು ಹೊರಿಸುವ ಎಲ್ಲವೂ ಮುಪ್ಪಿನದಲ್ಲವೆಂಬ ತಿಳಿವಳಿಕೆ ವಿಜ್ಞಾನಕ್ಕೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು.

ಹಳೆಯ ಕಾಲದವರು ಮುಪ್ಪನ್ನು ಕುರಿತು ಯೋಚಿಸಲಿಲ್ಲವೆಂದಲ್ಲ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ತಗುಲಿದ ಯಯಾತಿ ಅದನ್ನು ಮಗನ ಮೈಗೆ ದಾಟಿಸಿದ. ಚ್ಯವನನಿಗೆ ಅಶ್ವಿನೀ ದೇವತೆಗಳು ಯೌವನವನ್ನು ಮರಳಿಸಿದರು. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನ ತೆರೆದುಕೊಳ್ಳುವುದೇ ಅದರಿಂದ. ಈ ಆಸೆ ಪುರಾಣಕ್ಕೆ ಮುಗಿಯಲಿಲ್ಲ. 1889ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ತಮ್ಮ 72ನೆಯ ವಯಸ್ಸಿನಲ್ಲಿ ಪ್ರಾಣಿಗಳ ವೃಷಣದ ಸಾರವನ್ನು ತಾವೇ ಚುಚ್ಚಿಸಿಕೊಂಡು, ಕಸುವು ಮರಳಿತೆಂದು ವಿದ್ವಾಂಸರ ಸಭೆಯಲ್ಲಿ ಸಾರಿದರು. ನಮ್ಮಲ್ಲಿ ಪಂಡಿತ ಮದನಮೋಹನ ಮಾಳವೀಯರು 1938ರಲ್ಲಿ, ಎಪ್ಪತ್ತಾರರ ಇಳಿವಯಸ್ಸಿನಲ್ಲಿ, ಕಾಯಕಲ್ಪ ಚಿಕಿತ್ಸೆಗೆ ಕುಳಿತುದು ದೇಶಕ್ಕೆಲ್ಲ ಸುದ್ದಿಯಾಯಿತು. ಇವರೆಲ್ಲರ ದೃಷ್ಟಿ ಒಂದೇ: ಮುಪ್ಪನ್ನು ಕಳೆದುಕೊಳ್ಳಬೇಕು. ಅದನ್ನು ಎದುರಿಗೆ ಕೂರಿಸಿಕೊಂಡು 'ನೀನು ಯಾರು?' ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಹಾಗೆ ಕೇಳುವ ವಿದ್ಯೆಗೆ ಹೆಸರು ಸಿಕ್ಕಿದುದು 1903ರಲ್ಲಿ. ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ರಷ್ಯದ ವಿಜ್ಞಾನಿ ಮೆಚ್ನಿಕಾಫ್, ಮುದುಕ ಎಂಬರ್ಥದ ಗ್ರೀಕ್ ಮೂಲದಿಂದ 'ಜೆರಂಟಾಲಜಿ' ಎಂಬ ಪದವನ್ನು ಕಟ್ಟಿದರು. ವೃದ್ಧಾಪ್ಯಶಾಸ್ತ್ರವೆಂದು ನಾವು ಅದನ್ನು ಕರೆಯಬಹುದು. ದೊಡ್ಡ ಕರುಳಿನಲ್ಲಿ ಕೊಳೆತವನ್ನುಂಟುಮಾಡುವ ಸೂಕ್ಷ್ಮಾಣುಗಳ ವಿಷವೇ ಮುಪ್ಪನ್ನು ಬೇಗ ತರುತ್ತದೆಂದೂ, ಹುಳಿಹಾಲು ಅದನ್ನು ತಡೆಯುತ್ತದೆಂದೂ ಅವರ ವಾದ. ಬಲ್ಗೇರಿಯದ ರೈತರ ದೀರ್ಘಾಯುಷ್ಯವನ್ನು ಅವರು ಸಾಕ್ಷಿಗೆ ಕರೆದರು. ಮಜ್ಜಿಗೆಯಿಲ್ಲದೆ ಊಟ ಮುಗಿಸದ ನಮ್ಮವರು ಇದನ್ನು ಕೇಳಿ ಹಿಗ್ಗಬಹುದು. ಆದರೆ ಮಜ್ಜಿಗೆ ಕುಡಿದೂ ನಮ್ಮ ಹಿರಿಯರು ಮುದುಕರಾದರೆಂಬುದನ್ನು ಮರೆಯಬಾರದು. ನೊಬೆಲ್ ಪುರಸ್ಕೃತರಾದ ಮೆಚ್ನಿಕಾಫ್ ಕೂಡ 1916ರಲ್ಲಿ, 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸಿದ್ಧಾಂತ ನಿಲ್ಲಲಿಲ್ಲ, ಹೆಸರು ನಿಂತಿತು.

ವೈದ್ಯದ ಕಡೆಯಿಂದ ಇನ್ನೊಂದು ಹೆಸರು ಬಂದುದು ಅಮೆರಿಕದಲ್ಲಿ. ವಿಯೆನ್ನಾದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಇಗ್ನಾಟ್ಸ್ ನಾಷರ್ ವಿದ್ಯಾರ್ಥಿಯಾಗಿದ್ದಾಗ ಗುರುಗಳೊಡನೆ ಬಡವರ ಆಶ್ರಯಧಾಮವೊಂದಕ್ಕೆ ಹೋಗಿದ್ದರಂತೆ. ಮುದುಕಿಯೊಬ್ಬಳು ಕುಂಟುತ್ತ ಬಂದು ತನ್ನ ನೋವನ್ನು ತೋಡಿಕೊಂಡಳು. ಆಕೆಗೆ ಏನಾಗಿದೆಯೆಂದು ನಾಷರ್ ಕೇಳಿದರೆ, ಮುಪ್ಪು ಎಂಬ ಉತ್ತರ. ಅದಕ್ಕೇನು ಮಾಡಬಹುದೆಂದರೆ, ಏನೂ ಇಲ್ಲ ಎಂಬ ಉತ್ತರ. ಆ 'ಏನೂ ಇಲ್ಲ' ಅವರನ್ನು ಬಿಡಲಿಲ್ಲ. ಮಗುವೆಂದರೆ ಗಾತ್ರದಲ್ಲಿ ಕಿರಿದಾದ ದೊಡ್ಡವನಲ್ಲವೆಂದು ಒಪ್ಪಿ ಶಿಶುವೈದ್ಯವನ್ನು ಬೇರೆ ಮಾಡಿದ ಮೇಲೆ, ವೃದ್ಧರ ವೈದ್ಯಕ್ಕೂ ಅಂಥದೇ ಸ್ಥಾನ ಸಲ್ಲಬೇಕೆಂದು ವಾದಿಸಿ, 1909ರಲ್ಲಿ ಅವರು ಅದನ್ನು 'ಜೀರಿಯಾಟ್ರಿಕ್ಸ್' ಎಂದು ಕರೆದರು. 1914ರಲ್ಲಿ ಅದರ ಮೇಲೆ ಗ್ರಂಥವನ್ನೂ ಬರೆದರು.

ಹೆಸರುಗಳು ಹೀಗೆ ಬಂದವು. ಆದರೆ ಈ ಶಾಸ್ತ್ರಕ್ಕೆ ಜೀವ ಬಂದುದು ಗ್ರಂಥದಿಂದಲ್ಲ, ಲಂಡನ್ನಿನ ಅಂಚಿನ ಒಂದು ಆಸ್ಪತ್ರೆಯ ಹಾಸಿಗೆಗಳ ನಡುವೆ, ಎಂದು ನನ್ನ ಎಣಿಕೆ.

1935ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯವರು ಪಕ್ಕದಲ್ಲಿದ್ದ ಬಡವರ ಆಸ್ಪತ್ರೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅಲ್ಲಿ 714 ರೋಗಿಗಳಿದ್ದರು. ಬಹುಮಂದಿ ಮುದುಕರು, ಅನೇಕರು ವರ್ಷಗಳಿಂದ ಮಲಗಿದ್ದವರು. ಅವರ ಹೊಣೆ ಮಾರ್ಜರಿ ವಾರೆನ್ ಎಂಬ ವೈದ್ಯೆಯ ಪಾಲಿಗೆ ಬಿತ್ತು. ಆಗಿನ ವೈದ್ಯಲೋಕದಲ್ಲಿ ಇದು ಯಾರೂ ಬಯಸುವ ಕೆಲಸವಾಗಿರಲಿಲ್ಲ. ಆಕೆ ಮಾಡಿದ ಮೊದಲ ಕೆಲಸ ಕೇಳಲು ತೀರ ಸಾಮಾನ್ಯವಾದುದು: ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದರು. ಬುದ್ಧಿ ಚುರುಕಾಗಿದ್ದವರೂ ಬುದ್ಧಿ ಕದಡಿದವರೂ ಒಂದೇ ಸಾಲಿನಲ್ಲಿದ್ದರು; ನಡೆಯಬಲ್ಲವರೂ ಮಲಗಿಯೇ ಇದ್ದರು, ಏಕೆಂದರೆ ಎದ್ದೇಳಿ ಎಂದು ಹೇಳುವವರಿರಲಿಲ್ಲ. ಪಾರ್ಶ್ವವಾಯು ಬಡಿದವರನ್ನು ಹಾಗೆಯೇ ಬಿಟ್ಟುದರಿಂದ ಕೀಲುಗಳು ಮಡಿಸಿಕೊಂಡು ಬಿಗಿದಿದ್ದವು. ಇವರನ್ನು ಹಾಸಿಗೆಗೆ ತಂದುದು ರೋಗವಾಗಿರಬಹುದು, ಅಲ್ಲಿಯೇ ಉಳಿಸಿದುದು ಹಾಸಿಗೆ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಬೆನ್ನು ಹುಣ್ಣಾಗುತ್ತದೆ, ಎದ್ದೇಳುವ ಆಸೆಯೇ ಬತ್ತುತ್ತದೆ. ನೋಡುವವರು ಇದಕ್ಕೆಲ್ಲ ಮುಪ್ಪೆಂದು ಹೆಸರಿಡುತ್ತಾರೆ!

ವಾರೆನ್ ರೋಗಿಗಳನ್ನು ಅವರವರ ಸ್ಥಿತಿಗೆ ತಕ್ಕಂತೆ ಬೇರೆ ಬೇರೆ ಮಾಡಿದರು. ಗೋಡೆಗಳಿಗೆ ತಿಳಿಬಣ್ಣ ಬಂದಿತು, ಬೆಳಕು ಹೆಚ್ಚಿತು, ಹಿಡಿದು ನಡೆಯಲು ಕಂಬಿಗಳು ಬಂದವು. ವ್ಯಾಯಾಮ ಮಾಡಿಸುವವರು, ಕೈಗೊಂದು ಕೆಲಸ ಕಲಿಸುವವರು, ಮನೆಯ ಸ್ಥಿತಿಗತಿ ವಿಚಾರಿಸುವವರು ವೈದ್ಯರ ಜೊತೆಗೂಡಿದರು. ಹಲವರು ಎದ್ದರು, ನಡೆದರು. ಮನೆಗೋ ವೃದ್ಧರ ವಸತಿಗೋ ಹೊರಟರು. ಕ್ರಮೇಣ 714 ಹಾಸಿಗೆಗಳ ಕೆಲಸಕ್ಕೆ 240 ಸಾಕಾದವು. ಇದರಲ್ಲಿ ಹೊಸ ಔಷಧವೊಂದೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. 1943ರಲ್ಲಿಯೂ 1946ರಲ್ಲಿಯೂ ಆಕೆ ಪ್ರಕಟಿಸಿದ ಲೇಖನಗಳು ವೈದ್ಯಲೋಕದ ಕಣ್ಣು ತೆರೆಸಿದವು. 1948ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ವೃದ್ಧರ ವೈದ್ಯ ಅಲ್ಲಿ ಪ್ರತ್ಯೇಕ ಶಾಖೆಯಾಗಿ ಬೇರೂರಿತು. ವಾರೆನ್ 1960ರಲ್ಲಿ ರಸ್ತೆ ಅಪಘಾತಕ್ಕೆ ಈಡಾಗಿ ಮಡಿದರು.

ರೋಗ ಯಾವುದು, ಅಲಕ್ಷ್ಯದ ಫಲ ಯಾವುದು ಎಂದು ಬಿಡಿಸಿದ ಮೇಲೆ, ನಿಜವಾದ ಮುಪ್ಪು ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ಅಳೆಯುವುದು ಸುಲಭವಲ್ಲ. ಶಾಲೆಯ ಮುಖ ಕಾಣದ ಅಜ್ಜಿಯನ್ನೂ ಕಾಲೇಜಿನಲ್ಲಿ ಓದುವ ಮೊಮ್ಮಗಳನ್ನೂ ಒಂದೇ ದಿನ ಒಂದೇ ಪರೀಕ್ಷೆಗೆ ಕೂರಿಸಿದಿರಿ ಎನ್ನೋಣ. ಅಜ್ಜಿಗೆ ಅಂಕ ಕಡಿಮೆ ಬಂದರೆ ಅದು ವಯಸ್ಸಿನ ತಪ್ಪೋ, ಕಲಿಸದೆ ಬಿಟ್ಟ ಕಾಲದ ತಪ್ಪೋ? ಅಮೆರಿಕದ ಸಿಯಾಟಲ್ ನಗರದಲ್ಲಿ ವಾರ್ನರ್ ಶಾಯ್ 1956ರಲ್ಲಿ ಒಂದು ಗುಂಪಿನ ಬುದ್ಧಿಶಕ್ತಿಯನ್ನು ಅಳೆದು, ಏಳು ವರ್ಷಗಳ ತರುವಾಯ ಅದೇ ಜನರನ್ನು ಮತ್ತೆ ಅಳೆದರು. ವಯಸ್ಸಿನಿಂದ ಬಂದ ಕುಸಿತವೆಂದು ತಿಳಿದಿದ್ದುದರಲ್ಲಿ ಬಹುಪಾಲು ತಲೆಮಾರುಗಳ ನಡುವಣ ಅಂತರವೆಂದು ತಿಳಿದುಬಂದಿತು. ಚುರುಕು ಬೇಗ ಕುಗ್ಗುತ್ತದೆ. ಪದಸಂಪತ್ತು ಬಹುಕಾಲ ನಿಲ್ಲುತ್ತದೆ. ಇಳಿವಯಸ್ಸಿನಲ್ಲಿಯೂ ಬರೆದ ನಮ್ಮ ಸಾಹಿತಿಗಳನ್ನು ಬಲ್ಲವರಿಗೆ ಇದು ಅಚ್ಚರಿಯ ಮಾತಲ್ಲ.

1958ರಲ್ಲಿ ಬಾಲ್ಟಿಮೋರಿನಲ್ಲಿ ನಾಥನ್ ಶಾಕ್ ಇದೇ ದಾರಿಯಲ್ಲಿ ದೊಡ್ಡ ಅಧ್ಯಯನವನ್ನು ತೊಡಗಿದರು. ಅದಕ್ಕೆ ಪ್ರೇರಣೆ ಪೀಟರ್ ಎಂಬ ನಿವೃತ್ತ ವೈದ್ಯರು. ಸತ್ತ ಮೇಲೆ ದೇಹವನ್ನು ವಿಜ್ಞಾನಕ್ಕೆ ಕೊಡಲೆಂದು ಬಂದವರ ಮಾತು, ಬದುಕಿರುವಾಗಲೇ ಏಕೆ ಪರೀಕ್ಷಿಸಬಾರದೆಂಬುದಕ್ಕೆ ತಿರುಗಿತು. ಸ್ವಯಂಸೇವಕರು ಮತ್ತೆ ಮತ್ತೆ ಬಂದು ಉಸಿರು, ಹೃದಯ, ಮೂತ್ರಪಿಂಡಗಳನ್ನೆಲ್ಲ ಅಳೆಯಿಸಿಕೊಂಡು ಹೋದರು. ಎಲ್ಲರೂ ಒಂದೇ ಜಾಡಿನಲ್ಲಿ ಮುದುಕರಾಗುವುದಿಲ್ಲ, ಒಬ್ಬನ ದೇಹದಲ್ಲಿಯೇ ಒಂದು ಅಂಗ ಇನ್ನೊಂದರ ಜೊತೆಗೆ ಹೆಜ್ಜೆ ಹಾಕುವುದಿಲ್ಲ, ಎಂದು ಗೊತ್ತಾಯಿತು. ಮೊದಲ ಇಪ್ಪತ್ತು ವರ್ಷ ಈ ಅಧ್ಯಯನದಲ್ಲಿ ಗಂಡಸರು ಮಾತ್ರ ಇದ್ದರು. 1978ರವರೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಶಾಸ್ತ್ರಕ್ಕೂ ತನ್ನದೇ ಆದ ಕುರುಡು ಇರುತ್ತದೆ.

ಸರ್ಕಾರಗಳಿಗೆ ಮಾತ್ರ ಇಷ್ಟು ಸೂಕ್ಷ್ಮ ಒಗ್ಗುವುದಿಲ್ಲ. ಅವಕ್ಕೆ ಒಂದು ಅಂಕಿ ಬೇಕು. ಬಿಸ್ಮಾರ್ಕನ ಜರ್ಮನಿ 1889ರಲ್ಲಿ ವೃದ್ಧಾಪ್ಯ ವೇತನಕ್ಕೆ 70 ವರ್ಷವೆಂದು ಗೊತ್ತುಮಾಡಿತು, 1916ರಲ್ಲಿ ಅದು 65ಕ್ಕೆ ಇಳಿಯಿತು. ನಮ್ಮ ಕೇಂದ್ರ ಸರ್ಕಾರ 1998ರಲ್ಲಿ ನೌಕರರ ನಿವೃತ್ತಿಯನ್ನು 58ರಿಂದ 60ಕ್ಕೆ ಏರಿಸಿತು. ಒಂದು ಆಜ್ಞೆಯಿಂದ ಮುಪ್ಪು ಎರಡು ವರ್ಷ ಮುಂದೆ ಹೋಗುವುದಾದರೆ ಅಶ್ವಿನೀ ದೇವತೆಗಳಿಗೆ ಏನು ಕೆಲಸ!

ನಮ್ಮ ದೇಶಕ್ಕೆ ಈ ಶಾಸ್ತ್ರ ತಡವಾಗಿ ಬಂದಿತು. ಸ್ವಾತಂತ್ರ್ಯ ಬಂದ ಸುಮಾರಿಗೆ ಭಾರತೀಯರ ಸರಾಸರಿ ಆಯುಷ್ಯ 32 ವರ್ಷ. ಆಗ ಮುದುಕರೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಹುಟ್ಟಿದ ಮಕ್ಕಳಲ್ಲಿ ಅನೇಕರು ಸಾಯುತ್ತಿದ್ದುದರಿಂದ ಸರಾಸರಿ ಹಾಗೆ ತಗ್ಗಿತ್ತು. ಈಗ ಅದು 70ರ ಆಸುಪಾಸಿನಲ್ಲಿದೆ. 2011ರ ಜನಗಣತಿಯಲ್ಲಿ ಅರವತ್ತು ತುಂಬಿದವರು 10 ಕೋಟಿಗೂ ಮಿಕ್ಕಿದ್ದರು. ಇವರಿಗಾಗಿ ಪ್ರತ್ಯೇಕ ವೈದ್ಯಕೀಯ ವಿಭಾಗ ಮೊದಲು ತೆರೆದುದು ಮದರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ, 1978ರಲ್ಲಿ, ಡಾಕ್ಟರ್ ವಿ. ಎಸ್. ನಟರಾಜನ್ ಅವರ ಪ್ರಯತ್ನದಿಂದ. ಊರೂರ ಆಸ್ಪತ್ರೆಗಳಿಗೆ ಆ ಬೆಳಕು ಇನ್ನೂ ತಲುಪಿಲ್ಲ. ಪೊರೆ ಬಂದ ಕಣ್ಣಿಗೂ, ಬಾಗದ ಮಂಡಿಗೂ, ಬತ್ತಿದ ಹಸಿವಿಗೂ 'ವಯಸ್ಸಾಯಿತಲ್ಲ, ತಾಯಿ' ಎಂಬ ಒಂದೇ ಮಾತನ್ನು ಬರೆದುಕೊಡುವ ರೂಢಿ ನಮ್ಮಲ್ಲಿ ಹೋಗಿಲ್ಲ. ನಾಷರ್ ಕೇಳಿದ ಉತ್ತರಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ?

ಆದರೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಗೊಮ್ಮೆ ನೋಡಬಹುದು. ಮಾವಿಗೆ ಹೆಸರಾದ ಆ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ನಲವತ್ತೈದು ದಾಟಿದ ಸುಮಾರು ಹತ್ತು ಸಾವಿರ ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಪರೀಕ್ಷಿಸುವ ಕೆಲಸವನ್ನು ಕೈಗೆತ್ತಿಕೊಂಡಿದೆ. ಅವರ ನೆನಪು, ರಕ್ತ, ಮಿದುಳಿನ ಚಿತ್ರ ಎಲ್ಲವೂ ದಾಖಲಾಗಬೇಕು. ವಿದೇಶದ ಅಕ್ಷರಸ್ಥರಿಗಾಗಿ ಹುಟ್ಟಿದ ನೆನಪಿನ ಪರೀಕ್ಷೆಗಳನ್ನು, ಕನ್ನಡ ತೆಲುಗುಗಳೆರಡನ್ನೂ ಆಡುವ, ಓದುಬರಹ ಬಾರದ ರೈತ ಹೆಂಗಸಿಗೆ ಒಗ್ಗಿಸಿಕೊಳ್ಳದೆ ಇಂಥ ಕೆಲಸ ಸಾಗದು. ಬಾಲ್ಟಿಮೋರಿನವರು ಇಪ್ಪತ್ತು ವರ್ಷ ಹೊರಗಿಟ್ಟ ಹೆಂಗಸರು ಇಲ್ಲಿ ಮೊದಲ ದಿನದಿಂದಲೇ ಪಟ್ಟಿಯಲ್ಲಿದ್ದಾರೆ.